ಮಷೀನ್‌ನಲ್ಲಿ ಕಟ್ ಮಾಡುವಾಗ ಗಾಜಿನ ಶೀಟ್ ಗೀರು ಬಿಟ್ಟು ಬೇರೆ ಕಡೆ ಸೀಳ್ತಿದೆ, ಎಲ್ಲಿಂದ ಹುಡುಕೋದು?

ಕಟಿಂಗ್_ಟೇಬಲ್:

ಎಲ್ಲರಿಗೂ ನಮಸ್ಕಾರ. ನಮ್ಮ ಹತ್ರ ಇರೋದು ಸಿಎನ್‌ಸಿ ಕಟಿಂಗ್ ಟೇಬಲ್, ಮೇಲೆ ಬ್ರಿಡ್ಜ್ ಓಡಾಡುತ್ತೆ, ಅದರಲ್ಲಿ ಒಂದೇ ಹೆಡ್, ಕಾರ್ಬೈಡ್ ವೀಲು, ಆಯಿಲ್ ತಾನೇ ಬೀಳುತ್ತೆ. ಕೆಳಗೆ ಫೆಲ್ಟ್ ಹೊದಿಸಿದ ಟೇಬಲ್, ಗಾಜು ಸರಿಸೋಕೆ ಗಾಳಿ ಬರುತ್ತೆ, ಗೀರಾದ ಮೇಲೆ ಮುರಿಯೋಕೆ ಬ್ರೇಕ್ ಬಾರ್ ಮೇಲೇಳುತ್ತೆ. ಎಲ್ಲಾ ಮಾಮೂಲಿ ಫ್ಲೋಟ್ ಗಾಜೇ.

4 ಎಂಎಂ, 5 ಎಂಎಂ ಬಹುತೇಕ ಚೆನ್ನಾಗೇ ಬರುತ್ತೆ. ತಲೆನೋವು ಇರೋದು ದಪ್ಪ ಗಾಜಿಂದು, 10 ಮತ್ತೆ 12 ಎಂಎಂ, ಆಮೇಲೆ ಅಪರೂಪಕ್ಕೆ 6 ಎಂಎಂ ಕೂಡ. ಎರಡು ಥರ ಹಾಳಾಗ್ತಿದೆ. ಒಂದು, ವೀಲು ಇನ್ನೂ ಗೀರ್ತಾ ಇರುವಾಗ್ಲೇ ಟಕ್ ಅಂತ ಶೀಟು ಅಡ್ಡಡ್ಡ ಸೀಳಿಬಿಡುತ್ತೆ. ಇನ್ನೊಂದು, ಗೀರೋದೆಲ್ಲ ಸರಿಯಾಗಿ ಆಗುತ್ತೆ, ಬಾರ್ ಎತ್ತಿದಾಗ ಮುಕ್ಕಾಲು ಭಾಗ ನೆಟ್ಟಗೆ ಓಡಿ ಕೊನೇ ಒಂದು ಗೇಣಿನಷ್ಟು ಜಾಗದಲ್ಲಿ ಸೊಟ್ಟಗೆ ತಿರುಗಿ ಪೀಸ್ ಒಳಗೆ ನುಗ್ಗುತ್ತೆ. ಎರಡನೇದು ಸಣ್ಣ ಪಟ್ಟಿ ತೆಗೆಯುವಾಗ ಜಾಸ್ತಿ.

ಪ್ರೆಶರ್ ಏರಿಸು ಅಂತ ಕೆಲವರು ಹೇಳ್ತಾರೆ, ಇಳಿಸು ಅಂತ ಕೆಲವರು, ಗಾಜೇ ಸರಿಯಿಲ್ಲ ಅನ್ನೋರೂ ಇದಾರೆ. ದೊಡ್ಡ ಶೀಟು ಒಂದು ಒಡೆದ್ರೆ ಹೋಗೋದು ಬರೀ ಗಾಜಲ್ಲ, 12 ಎಂಎಂ ಅಂದ್ರೆ ಚದರ ಮೀಟರಿಗೆ 30 ಕೆಜಿ ತೂಕ, ಟೇಬಲ್ ಮೇಲೆ ಸೀಳಿ ನಿಂತಿರೋ ಅಂಥಾ ತುಂಡನ್ನ ಎತ್ತಿಳಿಸೋ ಹುಡುಗರ ಕೈ ಕಾಲಿನ ಚಿಂತೆ ನಂಗೆ. ಹಾಗಾಗಿ ಒಂದು ಕ್ರಮದಲ್ಲಿ ಹುಡುಕ್ಬೇಕು ಅಂತಿದೀನಿ. ಮೊದಲು ಏನು ನೋಡ್ಲಿ?


ಗೀರುಗಣ್ಣು:

ಮೊದಲು ಒಂದು ಮಾತು, ಒಡೆದ ತುಂಡನ್ನ ಸ್ಕ್ರ್ಯಾಪ್ ಡಬ್ಬಕ್ಕೆ ಹಾಕ್ಬೇಡಿ. ಬಿರುಕು ಎಲ್ಲಿ ಹುಟ್ತು ಅನ್ನೋದು ಆ ತುಂಡಿನ ಅಂಚಲ್ಲೇ ಇರುತ್ತೆ. ಒಡೆದ ಮುಖವನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಸಣ್ಣ ಸಣ್ಣ ಬಾಗಿದ ಗೆರೆಗಳು ಕಾಣ್ತವೆ, ಅವು ಉಬ್ಬಿರೋ ಕಡೆಗೆ ಬಿರುಕು ಓಡಿದೆ ಅಂತ ಅರ್ಥ, ಹಿಂದಕ್ಕೆ ಹುಡುಕ್ತಾ ಹೋದ್ರೆ ಶುರುವಾದ ಜಾಗ ಸಿಗುತ್ತೆ, ಅಲ್ಲಿ ಮುಖ ಕನ್ನಡಿ ಥರ ನುಣ್ಣಗಿರುತ್ತೆ, ದೂರ ಹೋದಷ್ಟೂ ಒರಟಾಗುತ್ತೆ. ಈ ಹುಟ್ಟಿದ ಜಾಗ ಶೀಟಿನ ಹೊರ ಅಂಚಲ್ಲಿದ್ರೆ ಒಂದು ಕಾರಣ, ಕೆಳಮೈ ಮಧ್ಯದಲ್ಲಿದ್ರೆ ಇನ್ನೊಂದು ಕಾರಣ, ಗೀರಿನ ಮೇಲೇ ಇದ್ರೆ ಮತ್ತೊಂದು. ಇದನ್ನ ನೋಡದೆ ಪ್ರೆಶರ್ ನಾಬ್ ತಿರುಗಿಸ್ತಾ ಕೂತ್ರೆ ಏನೂ ಗೊತ್ತಾಗಲ್ಲ.

ಹೊರ ಅಂಚಲ್ಲಿ ಹುಟ್ಟಿದ್ರೆ: ಆ ಅಂಚಿಗೆ ಮೊದಲೇ ಏಟು ಬಿದ್ದಿದೆ. ರ‍್ಯಾಕ್‌ನಿಂದ ಎತ್ತುವಾಗ, ಸ್ಟಾಪರ್‌ಗೆ ತಾಗಿಸುವಾಗ ಚಿಪ್ಪು ಎದ್ದಿರುತ್ತೆ, ಅದರ ಬುಡದಿಂದ ಕೂದಲೆಳೆಯಷ್ಟು ಸೀಳು ಒಳಗೆ ಹೋಗಿರುತ್ತೆ, ಕಣ್ಣಿಗೆ ಬೀಳಲ್ಲ. ಸ್ವಲ್ಪ ಬಾಗಿದ್ರೆ ಸಾಕು ಓಡುತ್ತೆ. ಟೇಬಲ್ಲಿಗೆ ಹಾಕೋ ಮುಂಚೆ ನಾಲ್ಕೂ ಅಂಚು ಕೈಬೆಳಕಲ್ಲಿ ನೋಡೋ ಅಭ್ಯಾಸ ಮಾಡ್ಸಿ.

ಕೆಳಮೈಲಿ ಹುಟ್ಟಿದ್ರೆ: ಟೇಬಲ್. ಫೆಲ್ಟ್ ಒಳಗೆ ಸಿಕ್ಕಿಕೊಂಡಿರೋ ಒಂದು ಗಾಜಿನ ಹರಳು ಸಾಕು, ಮೇಲಿಂದ ವೀಲು ಒತ್ತುತ್ತೆ, ಕೆಳಗೆ ಆ ಹರಳು ಒಂದೇ ಬಿಂದುವಲ್ಲಿ ತಡೆಯುತ್ತೆ, ಗಾಜಿನ ಕೆಳಮೈ ಅಲ್ಲಿ ಎಳೆತಕ್ಕೆ ಸಿಗುತ್ತೆ. ಗಾಜು ಅದುಮಿದ್ರೆ ಎಷ್ಟಾದ್ರೂ ತಡ್ಕೊಳ್ಳುತ್ತೆ, ಎಳೆದ್ರೆ ತಡ್ಕೊಳ್ಳಲ್ಲ. ಪೊರಕೆ ಆಡಿಸಿದ್ರೆ ಹರಳು ಇನ್ನೂ ಒಳಗೆ ಹೋಗುತ್ತೆ, ವ್ಯಾಕ್ಯೂಮ್‌ನಲ್ಲಿ ಎಳೀಬೇಕು, ಆಮೇಲೆ ದಪ್ಪ ಗ್ಲೌಸ್ ಹಾಕ್ಕೊಂಡು ಅಂಗೈಯಲ್ಲಿ ಸವರಿ ನೋಡ್ಬೇಕು. ಉದ್ದದ ಸ್ಟ್ರೈಟ್ ಎಡ್ಜ್ ಇಟ್ಟು ಟೇಬಲ್ ಮಟ್ಟ ಇದೆಯಾ ಅಂತಾನೂ ನೋಡಿ, ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕಟ್ ಆಗಿ ಫೆಲ್ಟ್ ಸವೆದಿರುತ್ತೆ, ಅಲ್ಲಿ ಗಾಜು ಅಡಿಯಲ್ಲಿ ಆಧಾರ ಇಲ್ಲದೆ ನಿಂತಿರುತ್ತೆ. ಗೀರುವಾಗ ಗಾಳಿ ಪೂರ್ತಿ ಆಫ್ ಆಗ್ತಿದೆಯಾ? ಕೆಲವು ಟೇಬಲ್‌ಗಳಲ್ಲಿ ವಾಲ್ವ್ ಲೀಕ್ ಆಗಿ ಗಾಜು ಪೂರ್ತಿ ಕೂರೋದೇ ಇಲ್ಲ.

ಗೀರಿನ ಮೇಲೇ ಹುಟ್ಟಿದ್ರೆ ವೀಲು ಅಥವಾ ಪ್ರೆಶರ್, ಇದೇ ದೊಡ್ಡ ವಿಷಯ, ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ.

ವೀಲು ಗಾಜನ್ನ ಕತ್ತರಿಸಲ್ಲ. ಅದು ಮೇಲೆ ಓಡ್ತಾ ಕೆಳಕ್ಕೆ ನೆಟ್ಟಗೆ ಒಂದು ಸಣ್ಣ ಸೀಳು ಇಳಿಸುತ್ತೆ, ದಪ್ಪದ ಹತ್ತರಲ್ಲಿ ಒಂದು ಪಾಲು ಆಸುಪಾಸು ಇಳಿದ್ರೆ ಸಾಕು, ಉಳಿದಿದ್ದನ್ನ ಮುರಿಯೋ ಬಲ ಮಾಡುತ್ತೆ. ನಮಗೆ ಬೇಕಿರೋದು ಈ ನೇರ ಸೀಳು ಮಾತ್ರ. ಪ್ರೆಶರ್ ಜಾಸ್ತಿಯಾದ್ರೆ ಅಕ್ಕಪಕ್ಕಕ್ಕೆ, ಮೈಗೆ ಸಮಾನಾಂತರವಾಗಿ ಇನ್ನೊಂದು ಥರ ಸೀಳು ಹುಟ್ಟುತ್ತೆ, ಅದೇ ಚಿಪ್ಪು ಏಳೋದು. ವೀಲು ಮುಂದೆ ಹೋದ ಮೇಲೂ ಗೀರಿನಿಂದ ಚಿಟಿಚಿಟಿ ಅಂತ ಸಣ್ಣ ಚಕ್ಕೆ ಹಾರ್ತಾ ಇದ್ರೆ, ಗೀರು ಬೆಳ್ಳಗೆ ಪುಡಿಪುಡಿ ಕಾಣ್ತಿದ್ರೆ, ಅದು ಪ್ರೆಶರ್ ಜಾಸ್ತಿ ಅನ್ನೋದಕ್ಕೆ ಗುರುತು. ಒಳ್ಳೇ ಗೀರು ತೆಳ್ಳಗೆ, ಬೆಳ್ಳಿ ಎಳೆ ಥರ, ಓರೆಯಾಗಿ ನೋಡಿದ್ರೆ ಮಾತ್ರ ಹೊಳೆಯುತ್ತೆ, ಸದ್ದು ಒಂದೇ ಸಮ ಬರುತ್ತೆ. ಗೀರು ದಪ್ಪಗೆ ಎದ್ದು ಕಂಡ್ರೆ ಚೆನ್ನಾಗಿ ಕಟ್ ಆಗಿದೆ ಅಂತ ತುಂಬಾ ಜನ ಅಂದ್ಕೋತಾರೆ, ನಿಜ ಅದರ ಉಲ್ಟಾ.

ಇನ್ನು ನಿಮ್ಮ 10, 12 ಎಂಎಂ ತೊಂದರೆಗೆ ನನ್ನ ಮೊದಲ ಅನುಮಾನ ವೀಲಿನ ಆಂಗಲ್, ಅಂದ್ರೆ ಅದರ ಅಂಚಿನ ಎರಡೂ ಇಳಿಜಾರು ಸೇರೋ ಕೋನ. 4-5 ಎಂಎಂಗೆ ಹಾಕಿರೋ ವೀಲಲ್ಲೇ ದಪ್ಪ ಗಾಜೂ ಹೊಡೀತಿದೀರಾ? ಸುಮಾರಾಗಿ ಹೇಳೋದಾದ್ರೆ 4ರಿಂದ 6 ಎಂಎಂಗೆ 135-145 ಡಿಗ್ರಿ, 8ರಿಂದ 12ಕ್ಕೆ 145-155, 15-19ಕ್ಕೆ ಅದಕ್ಕೂ ಮೇಲೆ, ಸರಿಯಾದ ಚಾರ್ಟ್ ವೀಲು ಮಾಡೋರೇ ಕೊಡ್ತಾರೆ. ಆಂಗಲ್ ಚಿಕ್ಕದಿದ್ರೆ ವೀಲು ಚೂಪು, ದಪ್ಪ ಗಾಜಿಗೆ ಬೇಕಾದಷ್ಟು ಆಳ ಇಳಿಸೋಕೆ ಪ್ರೆಶರ್ ಏರಿಸಿದ ಕೂಡ್ಲೇ ಪಕ್ಕಕ್ಕೆ ಚಿಪ್ಪು ಎಬ್ಬಿಸುತ್ತೆ. ಅಗಲ ಆಂಗಲ್ ಇದ್ರೆ ಅದೇ ಪ್ರೆಶರ್ ಕೆಳಕ್ಕೆ ಕೆಲಸ ಮಾಡುತ್ತೆ.

ವೀಲು ಹಾಳಾಗಿದೆಯಾ ಅಂತ ಬಿಚ್ಚದೇನೇ ನೋಡೋದು ಹೀಗೆ: 5 ಎಂಎಂ ವ್ಯಾಸದ ವೀಲಿನ ಸುತ್ತಳತೆ 15.7 ಎಂಎಂ. ಗೀರನ್ನ ಲೆನ್ಸ್ ಇಟ್ಟು ನೋಡಿ, ಹೆಚ್ಚುಕಮ್ಮಿ 16 ಎಂಎಂಗೊಂದು ಸಲ ಗೀರು ತಪ್ಪಿದ್ರೆ ಅಥವಾ ಚಕ್ಕೆ ಎದ್ದಿದ್ರೆ ವೀಲಿನ ಅಂಚಲ್ಲಿ ಒಂದು ಕಡೆ ಮುಕ್ಕಾಗಿದೆ. ಅಂತರ ಲೆಕ್ಕಕ್ಕೆ ಸಿಗದೆ ಎಲ್ಲೆಲ್ಲೋ ತಪ್ಪಿದ್ರೆ ವೀಲು ಪಿನ್ ಮೇಲೆ ಸಲೀಸಾಗಿ ತಿರುಗ್ತಿಲ್ಲ, ಗಾಜಿನ ಪುಡಿ ಸೇರಿಕೊಂಡಿದೆ, ತಿರುಗೋ ಬದಲು ಉಜ್ಜಿಕೊಂಡು ಹೋಗ್ತಿದೆ.


ಕಟಿಂಗ್_ಟೇಬಲ್:

ಗೀರುಗಣ್ಣು ಸರ್, ತುಂಬಾ ಉಪಕಾರ. ಇಟ್ಟಿದ್ದ ತುಂಡುಗಳನ್ನ ಟ್ಯೂಬ್‌ಲೈಟ್ ಕೆಳಗೆ ನೋಡಿದೆ, ನೀವು ಹೇಳಿದ ಬಾಗಿದ ಗೆರೆಗಳು ಚೆನ್ನಾಗೇ ಕಾಣ್ತವೆ. ಗೀರುವಾಗ್ಲೇ ಸೀಳಿದ 6 ಎಂಎಂ ತುಂಡುಗಳಲ್ಲಿ ಬಿರುಕು ಕೆಳಮೈಯಿಂದ ಹುಟ್ಟಿದೆ, ಟೇಬಲಿನ ಒಂದೇ ಮೂಲೆ ಹತ್ರ. ಅಲ್ಲಿ ಫೆಲ್ಟ್ ಜೋಡಿಸಿರೋ ಜಾಯಿಂಟ್ ಎದ್ದಿದೆ, ಅದರ ಸಂದಿಲಿ ಪುಡಿ ತುಂಬಿದೆ. ಅದಕ್ಕೆ ಹೊಸ ಫೆಲ್ಟ್ ಹಾಕಿಸ್ತೀನಿ.

10, 12ರದ್ದು ಬೇರೆ, ಅದು ಗೀರಿನಿಂದಾನೇ. ಹೌದು, ಎಲ್ಲಾ ದಪ್ಪಕ್ಕೂ ಒಂದೇ 135 ಡಿಗ್ರಿ ವೀಲು. ಪಟ್ಟಿ ಕೊನೇಲಿ ಸೊಟ್ಟ ಹೋಗೋದೂ ವೀಲಿಂದಾನೇ ಅಂತೀರಾ? ಮತ್ತೆ ಗಾಜೇ ಸರಿಯಿಲ್ಲ ಅನ್ನೋದನ್ನ ಹೇಗೆ ಖಾತ್ರಿ ಮಾಡ್ಕೊಳ್ಳೋದು? ಒಂದು ಲಾಟ್ ಮಾತ್ರ ಜಾಸ್ತಿ ಕಾಟ ಕೊಡ್ತಿದೆ ಅನ್ನಿಸ್ತಿದೆ.


ಲೆಹರ್_ಮನೆ:

ಗಾಜಿನ ಬಗ್ಗೆ ನಾನು ಹೇಳ್ತೀನಿ. ಫ್ಲೋಟ್ ಗಾಜು ಕರಗಿದ ತವರದ ಮೇಲೆ ತೇಲಿ ಹಾಳೆಯಾಗುತ್ತೆ, ಆಮೇಲೆ ಲೆಹರ್ ಅನ್ನೋ ಉದ್ದನೆ ಒಲೆಯೊಳಗೆ ನಿಧಾನವಾಗಿ ತಣಿಯುತ್ತೆ. ಅಗಲದಲ್ಲಿ ಎಲ್ಲಾ ಕಡೆ ಒಂದೇ ಸಮ ತಣಿಯದೇ ಹೋದ್ರೆ ಗಾಜಿನೊಳಗೆ ಎಳೆತ-ಅದುಮಿಕೆ ಉಳ್ಕೊಂಡುಬಿಡುತ್ತೆ. ಅಂಥ ಶೀಟಿನಲ್ಲಿ ಗೀರು ಎಷ್ಟೇ ಚೆನ್ನಾಗಿರ್ಲಿ, ಬಿರುಕು ಒಳಗಿನ ಎಳೆತ ಎತ್ತ ಕರೆಯುತ್ತೋ ಅತ್ತ ಹೋಗುತ್ತೆ. ಗುರುತು ಏನಂದ್ರೆ ಒಂದೇ ಲಾಟಿನ ಶೀಟುಗಳು, ಒಂದೇ ಅಂಚಿನ ಕಡೆ, ಒಂದೇ ದಿಕ್ಕಿಗೆ ತಿರುಗ್ತವೆ. ಶೀಟನ್ನ ತಿರುಗಿಸಿ ಹಾಕಿ ಕಟ್ ಮಾಡಿ ನೋಡಿ. ತೊಂದರೆ ಶೀಟಿನ ಜೊತೆ ಆ ಕಡೆ ಹೋದ್ರೆ ಗಾಜು, ಟೇಬಲಿನ ಅದೇ ಜಾಗದಲ್ಲೇ ಉಳಿದ್ರೆ ಮಷೀನು. ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಕಣ್ಣಲ್ಲೇ ನೋಡ್ಬೇಕು ಅಂದ್ರೆ ಲ್ಯಾಪ್‌ಟಾಪ್ ಎಲ್‌ಸಿಡಿ ಸ್ಕ್ರೀನಲ್ಲಿ ಬಿಳಿ ಪುಟ ತೆರೆದಿಡಿ, ಆ ಬೆಳಕು ಪೋಲರೈಸ್ ಆಗಿರುತ್ತೆ. ಪೋಲರೈಸ್ಡ್ ಕನ್ನಡಕವನ್ನ ಕೈಲಿ ಹಿಡಿದು ಸ್ಕ್ರೀನ್ ಕಪ್ಪಾಗೋವರೆಗೂ ತಿರುಗಿಸಿ. ಈಗ ಮಧ್ಯದಲ್ಲಿ ಗಾಜಿನ ತುಂಡು ಹಿಡಿದ್ರೆ ಸ್ಟ್ರೆಸ್ ಇರೋ ಕಡೆ ಬೆಳ್ಳಗೆ ಮಬ್ಬು ಬೆಳಕು ಕಾಣುತ್ತೆ, ತುಂಡನ್ನೂ ನಿಧಾನ ತಿರುಗಿಸಿ ನೋಡ್ಬೇಕು, ಕೆಲವು ಕೋನದಲ್ಲಿ ಮಾತ್ರ ಕಾಣುತ್ತೆ. ಒಂದು ಎಚ್ಚರ: ಅಗಲದ ಮುಖದಿಂದ ನೋಡಿದ್ರೆ ಜಾಗದಿಂದ ಜಾಗಕ್ಕೆ ಇರೋ ವ್ಯತ್ಯಾಸ ಮಾತ್ರ ಗೊತ್ತಾಗುತ್ತೆ. ಮೇಲ್ಮೈಲಿ ಅದುಮಿಕೆ ಮಧ್ಯದಲ್ಲಿ ಎಳೆತ ಅಂತ ದಪ್ಪದ ಉದ್ದಕ್ಕೆ ಇರೋದು ಒಂದಕ್ಕೊಂದು ವಜಾ ಆಗಿ ಕಾಣೋದೇ ಇಲ್ಲ, ಅದನ್ನ ನೋಡೋಕೆ ಸಣ್ಣ ಪಟ್ಟಿ ತಗೊಂಡು ಅಂಚಿನ ಕಡೆಯಿಂದ ಬೆಳಕು ಹಾಯಿಸಬೇಕು. ಹೀಗಾಗಿ ಏನೂ ಕಾಣ್ಲಿಲ್ಲ ಅಂದ ಮಾತ್ರಕ್ಕೆ ಗಾಜು ಪಾಸ್ ಅಂತ ಅಲ್ಲ.

ಟಫನ್ಡ್ ಗಾಜು, ಹೀಟ್ ಸ್ಟ್ರೆಂಥನ್ಡ್ ಗಾಜು (ಒಲೆಯಲ್ಲಿ ಕಾಯಿಸಿ ಬೇಗ ತಣಿಸಿ ಗಟ್ಟಿ ಮಾಡಿದವು) ತಪ್ಪಿ ಸ್ಟ್ಯಾಕಿನಲ್ಲಿ ಸೇರಿಕೊಂಡಿದ್ರೆ ಯಾವ ಸೆಟ್ಟಿಂಗೂ ಕೆಲಸಕ್ಕೆ ಬರಲ್ಲ, ಅವನ್ನ ಕಟ್ ಮಾಡೋಕಾಗಲ್ಲ, ಅಳತೆ ತೂತು ಎಲ್ಲಾ ಮುಗಿಸಿ ಆಮೇಲೆ ಒಲೆಗೆ ಹೋಗ್ಬೇಕಾದ ಗಾಜು ಅವು.

ಗಾಜು ಎಲ್ಲಿಟ್ಟಿದ್ರಿ ಅನ್ನೋದನ್ನೂ ನೋಡಿ. ಬಿಸಿಲು ಬೀಳೋ ರ‍್ಯಾಕಲ್ಲಿ ಅರ್ಧ ಶೀಟು ಬಿಸಿ ಅರ್ಧ ತಂಪು ಇದ್ರೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 0.6 ಮೆಗಾಪ್ಯಾಸ್ಕಲ್‌ವರೆಗೆ ಸ್ಟ್ರೆಸ್ ಹುಟ್ಟುತ್ತೆ, 20 ಡಿಗ್ರಿ ಆದ್ರೆ 12. ಗಟ್ಟಿ ಅಂಚಿಗೆ ಅದೇನೂ ಅಲ್ಲ, ಏಟು ತಿಂದ ಅಂಚಿಗೆ ಅಥವಾ ಹೊಸದಾಗಿ ಗೀರಿದ ಗಾಜಿಗೆ ಅದು ಸಣ್ಣದಲ್ಲ. ತುಂಬಾ ತಣ್ಣಗಿರೋ ಗೋಡೌನಿಂದ ತಂದ ಗಾಜನ್ನ ಶಾಪ್‌ನ ಶಾಖಕ್ಕೆ ಬರೋವರೆಗೂ ಬಿಟ್ಟು ಆಮೇಲೆ ಟೇಬಲ್ಲಿಗೆ ಹಾಕಿ. ಸ್ಟ್ಯಾಕ್ ಆಗಿದ್ರೆ ಹೊರಗಿನ ಶೀಟು ಬೇಗ ಬೆಚ್ಚಗಾಗುತ್ತೆ, ಮಧ್ಯದವು ತುಂಬಾ ತಡ.


ಮುರಿಯೋ_ಕೆಲಸ:

ಕೊನೇಲಿ ಸೊಟ್ಟ ಹೋಗೋದಕ್ಕೆ ನನ್ನ ಪ್ರಕಾರ ಮುಖ್ಯ ಕಾರಣ ಮುರಿಯೋ ರೀತಿ, ವೀಲು ಆಮೇಲಿನ ಮಾತು.

ಗೀರಿನ ಎರಡೂ ಕಡೆ ಗಾಜು ಸಮ ಅಗಲ ಇದ್ರೆ ಎರಡೂ ಸಮ ಬಾಗ್ತವೆ, ಬಿರುಕು ನೆಟ್ಟಗೆ ಇಳಿಯುತ್ತೆ. ಒಂದು ಕಡೆ ಒಂದು ಮೀಟರ್, ಇನ್ನೊಂದು ಕಡೆ 40 ಎಂಎಂ ಪಟ್ಟಿ ಅಂದ್ರೆ ಬಾಗೋದು ಸಮ ಇರಲ್ಲ, ಬಿರುಕು ಜಾಸ್ತಿ ಬಾಗೋ ಕಡೆ ಎಳ್ಕೊಳ್ಳುತ್ತೆ. ಅದಕ್ಕೆ ಆದಷ್ಟೂ ದೊಡ್ಡದನ್ನ ಮಧ್ಯಕ್ಕೆ ಮುರಿದು, ಆ ಅರ್ಧವನ್ನ ಮತ್ತೆ ಮಧ್ಯಕ್ಕೆ, ಹೀಗೇ ಬನ್ನಿ. ಆಪ್ಟಿಮೈಜೇಶನ್ ಸಾಫ್ಟ್‌ವೇರ್ ಗಾಜು ಉಳಿಸೋದನ್ನ ಮಾತ್ರ ನೋಡುತ್ತೆ, ಮುರಿಯೋ ಅನುಕೂಲ ನೋಡಲ್ಲ, ಟ್ರಿಮ್ (ಅಂಚಿಂದ ತೆಗೆದು ಬಿಸಾಕೋ ಪಟ್ಟಿ) ಅಳತೆ ಕನಿಷ್ಠ ಇಷ್ಟಿರ್ಲಿ ಅಂತ ನಾವೇ ಹಾಕ್ಬೇಕು. ದಪ್ಪದ ಎರಡು ಮೂರು ಪಟ್ಟು ಅನ್ನೋದು ತೀರಾ ಕೆಳಗಿನ ಮಿತಿ, 12 ಎಂಎಂಗೆ 25-30 ಎಂಎಂ ಟ್ರಿಮ್ ತೆಗೀತೀನಿ ಅಂತ ಹೊರಟ್ರೆ ಕೈಲಿ ಪ್ಲೈಯರ್ ಹಿಡಿದು ತಾಳ್ಮೆಯಿಂದ ಮಾಡ್ಬೇಕು, ಬಾರ್ ಮೇಲೆ ನಂಬಿಕೆ ಇಡ್ಬೇಡಿ, ಅದರ ಎರಡರಷ್ಟು ಬಿಟ್ರೆ ಒಳ್ಳೇದು.

ಬಾರ್ ಸರಿಯಾಗಿ ಗೀರಿನ ಕೆಳಗೇ ಇದೆಯಾ ನೋಡಿ. ಒಂದು ತುದಿಲಿ ಸರಿಯಾಗಿದ್ದು ಇನ್ನೊಂದು ತುದಿಲಿ ಆರೇಳು ಎಂಎಂ ಪಕ್ಕಕ್ಕಿದ್ರೆ ನೀವು ಹೇಳಿದ ಹಾಗೇ ಮುಕ್ಕಾಲು ಭಾಗ ಚೆನ್ನಾಗಿ ಬಂದು ಕೊನೇಲಿ ಕೈ ಕೊಡುತ್ತೆ. ಬಾರ್ ಏಳೋ ವೇಗ ಕಮ್ಮಿ ಮಾಡಿ, ಬಿರುಕು ತಾನಾಗಿ ಓಡ್ಲಿ, ಗುದ್ದಬಾರದು.

ಇನ್ನೊಂದು, ಗೀರಿ ಬಿಟ್ಟು ಊಟಕ್ಕೆ ಹೋಗೋದು ಬೇಡ. ಗೀರಿದ ತಕ್ಷಣ ಸೀಳಿನ ತುದಿ ತೆರೆದಿರುತ್ತೆ, ಹೊತ್ತು ಕಳೆದಂತೆ ಮುಚ್ಕೊಳ್ಳುತ್ತೆ, ಆಮೇಲೆ ಮುರಿಯೋಕೆ ಜಾಸ್ತಿ ಬಲ ಬೇಕು, ಬಲ ಜಾಸ್ತಿಯಾದ್ರೆ ಬಿರುಕು ಅದರ ಮಾತು ಕೇಳುತ್ತೆ, ಗೀರಿನ ಮಾತು ಕೇಳಲ್ಲ. ಕಟಿಂಗ್ ಆಯಿಲ್ ಇರೋದೂ ಇದಕ್ಕೇ, ಪೂರಾ ತಂಪು ಮಾಡೋಕಲ್ಲ. ತೆಳ್ಳಗೆ ಸೀಳಿನೊಳಗೆ ಇಳಿದು ಅದು ಮುಚ್ಚದ ಹಾಗೆ ನೋಡ್ಕೊಳ್ಳುತ್ತೆ, ಚಕ್ಕೆ ಏಳೋದೂ ಕಮ್ಮಿ. ತೆಳು ಆಯಿಲೇ ಆಗ್ಬೇಕು, ಮಷೀನ್‌ಗೆ ಹಾಕೋ ಲೂಬ್ರಿಕೇಶನ್ ಆಯಿಲ್ ಅಲ್ಲ, ಅದು ಸೀಳಿಗೆ ಇಳಿಯಲ್ಲ, ತೊಳೆಯುವಾಗ್ಲೂ ಬಿಡಲ್ಲ. ಕೋಟಿಂಗ್ ಇರೋ ಗಾಜಾದ್ರೆ ಕೋಟಿಂಗ್‌ಗೆ ಆಗಿಬರೋ, ಆವಿಯಾಗಿ ಹೋಗೋ ಆಯಿಲೇ ಬೇಕು, ಕೋಟಿಂಗ್ ಮುಖ ಮೇಲೆ ಇರ್ಬೇಕು.

ಮತ್ತೆ ಗೀರು ಸರಿಯಾಗಿ ಬೀಳ್ಲಿಲ್ಲ ಅಂತ ಅದರ ಮೇಲೇ ಇನ್ನೊಂದು ಸಲ ವೀಲು ಓಡಿಸೋದು ದಯವಿಟ್ಟು ನಿಲ್ಲಿಸಿ. ವೀಲೂ ಹಾಳು, ಗೀರೂ ಹಾಳು.


ಶೇಪ್_ಕಟ್:

ಇದೇ ದಾರೀಲಿ ನನ್ನದೂ ಒಂದು ಪ್ರಶ್ನೆ ಸೇರಿಸ್ತೀನಿ. ಎಲ್ ಆಕಾರದ ಪೀಸು, ಒಳಮೂಲೆ ಇರೋದು, ಅಲ್ಲಿಂದಾನೇ ಸೀಳುತ್ತೆ. ವಾಟರ್‌ಜೆಟ್‌ನಲ್ಲಿ (ಜೋರಾಗಿ ಚಿಮ್ಮೋ ನೀರಿಂದ ಕಟ್ ಮಾಡೋ ಮಷೀನು) ಮಾಡಿಸಿದ್ರೂ ಕೆಲವು ಸಲ ತೂತು ಹೊಡೆಯೋ ಜಾಗದಲ್ಲೇ ಸೀಳು. ಇದಕ್ಕೇನು?


ಗೀರುಗಣ್ಣು:

ಶೇಪ್_ಕಟ್ ಅವರೇ, ಚೂಪಾದ ಒಳಮೂಲೆ ಗಾಜಿನಲ್ಲಿ ಇರ್ಲೇಬಾರದು. ಎಳೆತವೆಲ್ಲಾ ಆ ಒಂದು ಬಿಂದುವಿಗೆ ಬಂದು ಸೇರುತ್ತೆ, ಕಟ್ ಮಾಡುವಾಗ ಉಳಿದ್ರೂ ಗ್ರೈಂಡಿಂಗಲ್ಲೋ, ಫಿಟ್ ಮಾಡುವಾಗ್ಲೋ ಹೋಗುತ್ತೆ. ಮೊದಲು ಆ ಮೂಲೆಯಲ್ಲಿ ನೀರು ಬಿಡ್ತಾ ಡೈಮಂಡ್ ಡ್ರಿಲ್ಲಿಂದ ತೂತು ಮಾಡಿ, ತೂತಿನ ವ್ಯಾಸ ಗಾಜಿನ ದಪ್ಪಕ್ಕಿಂತ ಕಮ್ಮಿ ಬೇಡ, ಆಮೇಲೆ ಕಟ್‌ಗಳು ಆ ತೂತಿಗೆ ಬಂದು ಸೇರ್ಲಿ. ಡ್ರಿಲ್ ಎರಡೂ ಕಡೆಯಿಂದ ಬರೋ ಮಷೀನಾದ್ರೆ ಕೆಳಮೈಲಿ ಚಿಪ್ಪು ಏಳಲ್ಲ. ಟಫನಿಂಗ್‌ಗೆ ಹೋಗೋ ಪೀಸಾದ್ರೆ ತೂತಿನ ಅಂಚಿಂದ ಗಾಜಿನ ಅಂಚಿಗೆ ದಪ್ಪದ ಎರಡರಷ್ಟಾದ್ರೂ ಜಾಗ ಬಿಡಿ.

ವಾಟರ್‌ಜೆಟ್ ವಿಷಯ. ಪೂರ್ತಿ ಪ್ರೆಶರ್ ಅಂದ್ರೆ 60,000 ಪಿಎಸ್ಐ ಹತ್ರ, ಅದನ್ನ ನೇರ ಗಾಜಿನ ಮೇಲೆ ಬಿಟ್ರೆ, ಅದರಲ್ಲೂ ಗಾರ್ನೆಟ್ ಪುಡಿ (ನೀರಿನ ಜೊತೆ ಸೇರಿ ಗಾಜು ಕೊರೆಯೋ ಗಟ್ಟಿ ಕಲ್ಲಿನ ಪುಡಿ) ಇನ್ನೂ ಬಂದಿಲ್ಲದೆ ಬರೀ ನೀರು ಮೊದಲು ಬಿದ್ರೆ, ಗಾಜು ಅಲ್ಲೇ ಚೂರಾಗುತ್ತೆ. ತೂತು ಹೊಡೆಯುವಾಗ ಕಮ್ಮಿ ಪ್ರೆಶರಲ್ಲಿ, ಪುಡಿ ಮೊದಲು ಬರೋ ಹಾಗೆ, ಪುಡಿ ಎಳೆಯೋಕೆ ವ್ಯಾಕ್ಯೂಮ್ ಅಸಿಸ್ಟ್ ಇಟ್ಕೊಂಡು ಶುರು ಮಾಡಿ, ತೂತಾದ ಮೇಲೆ ಪ್ರೆಶರ್ ಏರಿಸ್ಬೇಕು. ಬೇಡದ ಭಾಗದಲ್ಲಿ ತೂತು ಹೊಡೆದು ಆಮೇಲೆ ಗೆರೆಗೆ ಬನ್ನಿ. ಕೆಳಗಿನ ಕಬ್ಬಿಣದ ಪಟ್ಟಿಗಳ ಮೇಲೆ ಗಾಜು ನೇರ ಇಡಬೇಡಿ, ಒಂದು ಮಟ್ಟಸ ಹಲಗೆ ಹಾಸಿ, ಜೆಟ್ ಪಟ್ಟಿಗೆ ಬಡಿದು ವಾಪಸ್ ಚಿಮ್ಮಿದ್ರೆ ಕೆಳಮೈಲಿ ಗುಳಿ ಬೀಳುತ್ತೆ.

ವೀಲಿನಲ್ಲೇ ದುಂಡನೆ ಆಕಾರ ಮಾಡೋದಾದ್ರೆ ಮೊದಲು ಆಕಾರದ ಗೀರು, ಆಮೇಲೆ ಅದರಿಂದ ಹೊರ ಅಂಚಿಗೆ ಬಿಡುಗಡೆ ಗೀರುಗಳು. ಈ ಬಿಡುಗಡೆ ಗೀರು ಆಕಾರದ ಗೀರಿಗೆ ತಾಗಬಾರದು, ಒಂದೆರಡು ಎಂಎಂ ದೂರ ನಿಲ್ಲಿಸಿ. ತಿರುವಿನಲ್ಲಿ ಹೆಡ್ ವೇಗ ಇಳಿಸುತ್ತಲ್ಲ, ಆಗ ಪ್ರೆಶರ್ ಕೂಡ ಇಳೀಬೇಕು, ಕಂಟ್ರೋಲರ್‌ನಲ್ಲಿ ಆ ಸೆಟ್ಟಿಂಗ್ ಇದ್ರೆ ಆನ್ ಮಾಡಿ.


ಕಟಿಂಗ್_ಟೇಬಲ್:

ಶೀಟು ತಿರುಗಿಸಿ ಹಾಕೋ ಪರೀಕ್ಷೆ ಮಾಡಿದೆ, ತೊಂದರೆ ಟೇಬಲಿನ ಅದೇ ತುದೀಲೇ ಉಳೀತು, ಗಾಜಿನ ತಪ್ಪಿಲ್ಲ. ಬಾರ್ ಅಳೆದಾಗ ಆ ತುದಿಲಿ ನಿಜವಾಗ್ಲೂ ಪಕ್ಕಕ್ಕಿತ್ತು, ಸರಿ ಮಾಡಿಸಿದ ಮೇಲೆ 10 ಎಂಎಂ ಪಟ್ಟಿ ನೆಟ್ಟಗೆ ಬರ್ತಿದೆ. 12ಕ್ಕೆ 150 ಡಿಗ್ರಿ ವೀಲು ತರಿಸ್ತಿದೀನಿ. ಅದು ಬರೋವರೆಗೂ ಬೇರೆ ಏನೂ ಮುಟ್ಟಲ್ಲ, ಒಂದೊಂದೇ ಬದಲಾಯಿಸಿದ್ರೇನೇ ಯಾವುದರಿಂದ ಸರಿಹೋಯ್ತು ಅಂತ ತಿಳಿಯೋದು. 12ರಲ್ಲಿ ಇನ್ನೊಂದು ಕಂಡಿದ್ದು, ಮುರಿದ ಅಂಚು ನೆಟ್ಟಗಿಲ್ಲ, ಕೆಳಗಡೆ ಸುಮಾರು ಒಂದು ಎಂಎಂ ಹೊರಕ್ಕೆ ಚಾಚಿರುತ್ತೆ. ಇದೂ ವೀಲೇನಾ?


ಮುರಿಯೋ_ಕೆಲಸ:

ಹೆಡ್ ವಾಲಿರ್ಬಹುದು. ವೀಲು ಗಾಜಿಗೆ ಲಂಬವಾಗಿ ಇಲ್ದಿದ್ರೆ ಸೀಳು ಓರೆಯಾಗಿ ಇಳಿಯುತ್ತೆ, 5 ಎಂಎಂನಲ್ಲಿ ಗೊತ್ತಾಗಲ್ಲ, 12ರಲ್ಲಿ ಎದ್ದು ಕಾಣುತ್ತೆ. ಒಂದು ತುಂಡಿನಲ್ಲಿ ಉದ್ದಕ್ಕೊಂದು ಅಡ್ಡಕ್ಕೊಂದು ಗೀರಿ, ಮುರಿದು, ಸಣ್ಣ ಮೂಲೆಮಟ್ಟ ಇಟ್ಟು ಎರಡೂ ಅಂಚು ನೋಡಿ. ಎರಡೂ ಕಟ್‌ನಲ್ಲಿ, ವೀಲು ಓಡಿದ ದಿಕ್ಕಿಗೆ ನಿಂತು ನೋಡಿದ್ರೆ, ಒಂದೇ ಬದಿಗೆ ಓರೆ ಇದ್ರೆ ವೀಲು ಕೂತಿರೋ ಹೋಲ್ಡರಿನದ್ದು, ಯಾಕಂದ್ರೆ ಅದು ದಿಕ್ಕಿನ ಜೊತೆ ತಿರುಗುತ್ತೆ. ಒಂದು ಕಟ್ ನೆಟ್ಟಗಿದ್ದು ಇನ್ನೊಂದು ಮಾತ್ರ ಓರೆ ಬಂದ್ರೆ ಹೆಡ್ಡೋ ಬ್ರಿಡ್ಜೋ ಆ ಕಡೆಗೆ ವಾಲಿದೆ. ಹೋಲ್ಡರ್ ಆದ್ರೆ ಬದಲಾಯಿಸಿ, ಪಿನ್ನಿನ ಸಂದು ಸವೆದು ವೀಲು ಅಲ್ಲಾಡ್ತಿರುತ್ತೆ, ಹೊಸ 150 ಡಿಗ್ರಿ ವೀಲನ್ನ ಹಳೇ ಹೋಲ್ಡರಿಗೆ ಹಾಕಿದ್ರೆ ಅದೂ ಹಾಗೇ ವಾಲ್ಕೊಂಡೇ ಓಡುತ್ತೆ, ಎರಡನ್ನೂ ಒಟ್ಟಿಗೇ ತರಿಸಿ.